ಪಾಠಯೋಜನೆ ಪುಸ್ತಕದಲ್ಲಷ್ಟೇ ಇದ್ದರೆ

ಮಾನ್ಯರೇ,

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಗೊಂಡ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ತಮ್ಮ ಕಲಿಕೆಯ ಮೆಟ್ಟಿಲಿಗೆ ತಕ್ಕ ಕಾರ್ಡು ಹಿಡಿದು, ಬೇರೆ ಬೇರೆ ‘ತಟ್ಟೆ’ಗಳಲ್ಲಿ, ಅಂದರೆ ಯಾರ ನೆರವು ಬೇಕೆಂಬುದರ ಮೇಲೆ ಮಾಡಿದ ಗುಂಪುಗಳಲ್ಲಿ, ಕಲಿಯುತ್ತಾರೆ. ನಾಳೆ ಯಾವ ಮಗು ಶಿಕ್ಷಕರ ನೆರವಿನ ತಟ್ಟೆಗೆ ಬರಬೇಕು, ಯಾರನ್ನು ಗೆಳೆಯರ ಜೊತೆ ಬಿಡಬಹುದು ಎಂಬುದನ್ನು ಹಿಂದಿನ ಸಂಜೆಯೇ ಗೊತ್ತುಮಾಡಿಕೊಳ್ಳುವುದು ಇಲ್ಲಿನ ನಿಜವಾದ ಪಾಠಯೋಜನೆ. ಆದರೆ ಪರಿಶೀಲನೆಗೆ ಬರುವವರು ಕೇಳುವುದು ಗೆರೆ ಎಳೆದು ತುಂಬಿದ ಪುಸ್ತಕವನ್ನು. ಹೋದ ವರ್ಷದ್ದನ್ನೇ ದಿನಾಂಕ ಬದಲಿಸಿ ಬರೆದರೂ (ನಾನೂ ಬರೆದಿದ್ದೇನೆ) ಸಹಿ ಬೀಳುತ್ತದೆ. ‘ಗ’, ‘ಸ’ ಅಕ್ಷರಗಳ ಕಾರ್ಡಿನಲ್ಲೇ ಎರಡು ವಾರದಿಂದ ನಿಂತಿರುವ ಹುಡುಗಿಯ ಸಂಗತಿಗೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ. ಪ್ರತಿ ಮಗುವಿನ ಮುಂದಿನ ಹೆಜ್ಜೆಯನ್ನು ಒಂದು ಸಾಲಿನಲ್ಲಿ ಬರೆದಿಟ್ಟರೆ ಸಾಕೆಂದು ಶಿಕ್ಷಣ ಇಲಾಖೆ ಸೂಚಿಸಲಿ.

– ಓರ್ವ ಪ್ರಾಥಮಿಕ ಶಾಲಾ ಶಿಕ್ಷಕಿ, ಹಾಸನ