ಸೋಡಾದ ರುಚಿ ಬಾಟಲಿಯಿಂದ ಕೇಕಿಗೆ ಇಳಿಯದು

ಮಾನ್ಯ ಸಂಪಾದಕರೇ,

ಚಿಕ್ಕಂದಿನಲ್ಲಿ ಕುಡಿದ ಸೋಡಾದ ರುಚಿಯನ್ನು ಮನೆಯಲ್ಲಿ ಮಾಡುವ ಮಾರ್ಬಲ್ ಕೇಕಿಗೆ (ಎರಡು ಬಣ್ಣದ ಹಿಟ್ಟು ಗೆರೆಗೆರೆಯಾಗಿ ಹೆಣೆದುಕೊಂಡ ಕೇಕಿಗೆ) ತರುವ ಪಾಕವಿಧಾನಗಳು ಅಡುಗೆ ಅಂಕಣಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿವೆ. ಅವುಗಳಲ್ಲಿ ಹೆಚ್ಚಿನವು ಹೇಳುವುದು ಒಂದೇ ಮಾತು: ಹಾಲಿನ ಬದಲು ಅಷ್ಟೇ ಅಳತೆಯ ಕಿತ್ತಳೆ ಸೋಡಾ ಸುರಿಯಿರಿ, ಕಲಸಿ, ಬೇಯಿಸಿ. ಆ ಮಾತನ್ನು ನಂಬಿ ಮೂರು ಕೇಕುಗಳನ್ನು ಕೆಡಿಸಿ, ನಾಲ್ಕನೆಯದರಲ್ಲಿ ಹೇಗೋ ದಾರಿ ಕಂಡುಕೊಂಡವಳು ನಾನು. ಬಾಟಲಿಯಲ್ಲಿರುವ ಸೋಡಾ ಕೇಕಿಗೆ ತನ್ನ ರುಚಿಯನ್ನು ಕೊಡುವುದಿಲ್ಲ ಎಂಬುದನ್ನು ಪಾಕವಿಧಾನ ಬರೆಯುವವರು ಮುಚ್ಚುಮರೆಯಿಲ್ಲದೆ ತಿಳಿಸಬೇಕು ಎಂದು ಕೋರಲು ಈ ಪತ್ರ.

ಕಾರಣ ಲೆಕ್ಕದಲ್ಲೇ ಇದೆ. 100 ಮಿಲಿಲೀಟರ್ ಸಿಹಿ ಸೋಡಾದಲ್ಲಿ ಹೆಚ್ಚುಕಡಿಮೆ 10ರಿಂದ 12 ಗ್ರಾಂ ಸಕ್ಕರೆಯಿದ್ದು, ಮಿಕ್ಕಿದ್ದು ಬಹುಪಾಲು ನೀರೇ ಆಗಿರುತ್ತದೆ. ಹುಳಿಯಾಗಲಿ, ಪರಿಮಳವಾಗಲಿ ಅದರಲ್ಲಿರುವುದು ಕುಡಿಯುವವರ ನಾಲಿಗೆಗೆ ಸಾಕಾಗುವಷ್ಟು ಮಾತ್ರ. ಅಷ್ಟನ್ನು ಅದರ ಏಳೆಂಟು ಪಟ್ಟು ತೂಕದ ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆಗಳೊಳಗೆ ಕಲಸಿದ ಮೇಲೆ ರುಚಿ ಎಲ್ಲಿಂದ ಬರಬೇಕು? ಕೇಕನ್ನು ಉಬ್ಬಿಸುತ್ತದೆ ಎಂದು ಹೇಳಲಾಗುವ ಗುಳ್ಳೆಗಳ ಕಥೆಯೂ ಇಷ್ಟೇ. ಕಲಸುವಾಗಲೇ ಅವು ಒಡೆದು ಹೋಗುತ್ತವೆ, ಬಿಸಿಯೇರಿದಂತೆ ನೀರು ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳಲಾರದ್ದರಿಂದ ಉಳಿದದ್ದೂ ಹೊರಬೀಳುತ್ತದೆ. ಕೇಕ್ ಉಬ್ಬಿದ್ದರೆ ಅದು ಬೇಕಿಂಗ್ ಪೌಡರಿನ ಮತ್ತು ಚೆನ್ನಾಗಿ ಕಡೆದ ಬೆಣ್ಣೆಯ ಕೆಲಸ.

ಇದು ಗೊತ್ತಾದ ಮೇಲೂ ಬುದ್ಧಿ ಬರದೆ, ಎರಡನೆಯ ಸಲ 500 ಮಿಲಿಲೀಟರ್ ಸೋಡಾವನ್ನು ಒಲೆಯ ಮೇಲಿಟ್ಟು 100 ಮಿಲಿಲೀಟರಿಗೆ ಇಳಿಸಿದೆ. ಅರ್ಧ ಗಂಟೆ ಮನೆಯೆಲ್ಲ ಕಿತ್ತಳೆಯ ಘಮಲು. ಆ ಘಮಲು ಪಾತ್ರೆಯಿಂದಲೇ ಹೋಗುತ್ತಿದೆ ಎಂಬುದು ಮಾತ್ರ ಹೊಳೆಯಲಿಲ್ಲ. ಪರಿಮಳದ ಎಣ್ಣೆಗಳು ಆವಿಯ ಜೊತೆ ಹಾರಿಹೋಗಿ, ತಳದಲ್ಲಿ ಉಳಿದದ್ದು ಅಂಟಂಟಾದ ಸಿಹಿಹುಳಿಯ ಪಾಕ.

ಇಲ್ಲಿ ಪದಗಳ ಗೊಂದಲವೂ ಒಂದಿದೆ. ಕುಡಿಯುವುದೂ ಸೋಡಾ, ಡಬ್ಬಿಯಲ್ಲಿರುವ ಬಿಳಿ ಪುಡಿಯೂ ಸೋಡಾ. ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ನೀರಿಗೆ ಅನಿಲ ಬೆರೆಸುವ ಬಗೆಯನ್ನು ಕಂಡುಕೊಂಡ ನಂತರದ ದಿನಗಳಲ್ಲಿ ಅಂಥ ನೀರಿಗೆ ಸೋಡಿಯಂ ಲವಣವನ್ನೂ ಸೇರಿಸುತ್ತಿದ್ದುದರಿಂದ ಈ ಹೆಸರು ಬಂದಿತು. ಲವಣ ಬಿಟ್ಟುಹೋದರೂ ಹೆಸರು ಉಳಿಯಿತು. ಆದ್ದರಿಂದ ಬರೀ ‘ಸೋಡಾ’ ಎಂದು ಅಚ್ಚಾಗುವ ಕಡೆಯಲ್ಲೆಲ್ಲ ‘ಅಡುಗೆ ಸೋಡಾ’ ಎಂದೋ ‘ಕುಡಿಯುವ ಸೋಡಾ’ ಎಂದೋ ಬಿಡಿಸಿ ಹೇಳುವುದು ಕ್ಷೇಮ.

ನನಗೆ ಬೇಕಾಗಿದ್ದುದು ಕಿತ್ತಳೆ ಕ್ರೀಮ್ ಸೋಡಾದ ರುಚಿ. ಕಣ್ಣು ಮುಚ್ಚಿ ನೆನೆಸಿಕೊಂಡರೆ ಅದು ಬಿಡಿಬಿಡಿಯಾಗಿ ಸಿಗುತ್ತದೆ: ಕಿತ್ತಳೆ ಸಿಪ್ಪೆಯ ಘಾಟು, ನಾಲಿಗೆಯ ಬದಿಯನ್ನು ಹಿಡಿಯುವ ಹುಳಿ, ಹಿಂದಿನಿಂದ ಬರುವ ವೆನಿಲ್ಲಾದ ನುಣುಪು, ಮೂಗಿಗೇರುವ ಗ್ಯಾಸು, ಮತ್ತು ತಣ್ಣಗಿರುವುದು. ಒಂದೊಂದನ್ನೂ ಬೇರೆಬೇರೆಯಾಗಿ ಕೇಕಿಗೆ ತರಬೇಕು. ಈ ರುಚಿಗೆ ಮಾರ್ಬಲ್ ಕೇಕ್ ಹೇಳಿ ಮಾಡಿಸಿದಂತಿದೆ. ವೆನಿಲ್ಲಾ ಒಂದು ಹಿಟ್ಟಿನಲ್ಲಿ, ಕಿತ್ತಳೆ ಇನ್ನೊಂದರಲ್ಲಿ ಇದ್ದು, ಬಾಯಲ್ಲಿ ಮಾತ್ರ ಸೇರುತ್ತವೆ. ಎರಡನ್ನೂ ಒಂದೇ ಹಿಟ್ಟಿಗೆ ಹಾಕಿದರೆ ವೆನಿಲ್ಲಾ ಕಿತ್ತಳೆಯ ಚುರುಕನ್ನು ಮಂಕಾಗಿಸಿಬಿಡುತ್ತದೆ.

ಕಿತ್ತಳೆಯ ನಿಜವಾದ ಪರಿಮಳವಿರುವುದು ಸಿಪ್ಪೆಯ ಎಣ್ಣೆಯಲ್ಲಿ. ರಸದಲ್ಲಿ ಅದು ಅಲ್ಪ. ಎರಡು ಹಣ್ಣುಗಳ ಹೊರಸಿಪ್ಪೆಯನ್ನು, ಒಳಗಿನ ಕಹಿ ಬಿಳಿ ಪದರಕ್ಕೆ ತಾಗದಂತೆ, ಸಣ್ಣಗೆ ತುರಿದು, ಆ ತುರಿಯನ್ನು ಎರಡು ಚಮಚ ಸಕ್ಕರೆಯೊಂದಿಗೆ ಬೆರಳ ತುದಿಯಲ್ಲಿ ಎರಡು ನಿಮಿಷ ಹೊಸಕಬೇಕು. ಹರಳುಗಳು ತುರಿಯನ್ನು ಗೀರುತ್ತ ಹೋದಂತೆ ಸಕ್ಕರೆ ಒದ್ದೆ ಮರಳಿನ ಹಾಗೆ ಕೈಗಂಟಿ, ನಸುಹಳದಿಗೆ ತಿರುಗಿ, ಬಾಟಲಿಯ ಮುಚ್ಚಳ ತೆಗೆದಾಗ ಬರುತ್ತಿದ್ದ ಅದೇ ವಾಸನೆಯನ್ನು ಬಿಡತೊಡಗುತ್ತದೆ. ನಾನು ಮೊದಲ ಸಲ ಅದನ್ನು ಮೂಸಿದಾಗ ಕೈ ತೊಳೆಯಲು ಮನಸ್ಸಾಗಲಿಲ್ಲ.

ಇನ್ನು ಅಳತೆ. 125 ಗ್ರಾಂ ಬೆಣ್ಣೆ, ವಾಸನೆಯಿಲ್ಲದ ಎಣ್ಣೆ 50 ಗ್ರಾಂ, ಸಕ್ಕರೆ ಹೊಸಕುವುದಕ್ಕೆ ತೆಗೆದಿಟ್ಟದ್ದೂ ಸೇರಿ 200 ಗ್ರಾಂ, ಮೊಟ್ಟೆ 3, ಮೈದಾ 200 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಚಿಟಿಕೆ ಉಪ್ಪು, ಹಾಲು 100 ಮಿಲಿಲೀಟರ್. ಪೂರ್ತಿ ಬೆಣ್ಣೆಯ ಕೇಕನ್ನು ತಣ್ಣಗೆ ಮಾಡಿದರೆ ಕಲ್ಲಾಗುತ್ತದೆ. ಈ ಕೇಕನ್ನು ಕೊಂಚ ತಣ್ಣಗೇ ತಿನ್ನಬೇಕಾದ್ದರಿಂದ ಎಣ್ಣೆ ಬೇಕು. ಬಿಸಿಯಲ್ಲಿ ಸಿಹಿ ಎದ್ದು ಕಾಣುತ್ತದೆ, ತಂಪಿನಲ್ಲಿ ಹಿಂದೆ ಸರಿಯುತ್ತದೆ, ನಮ್ಮ ನೆನಪಿನ ಸೋಡಾ ತಣ್ಣಗಿದ್ದದ್ದು.

ಕಲಸಿದ ಹಿಟ್ಟನ್ನು ಎರಡು ಪಾಲು ಮಾಡಿ, ಒಂದಕ್ಕೆ ಒಂದು ಚಮಚ ವೆನಿಲ್ಲಾ, ಇನ್ನೊಂದಕ್ಕೆ ಹೊಸಕಿದ ಸಕ್ಕರೆಯನ್ನೂ ಕಿತ್ತಳೆ ಬಣ್ಣವನ್ನೂ ಸೇರಿಸಬೇಕು. ಬಣ್ಣ ಬೇಡವೆನ್ನುವವರ ಮೇಲೆ ನನಗೆ ಗೌರವವಿದೆ, ಆದರೆ ಕಣ್ಣಿಗೆ ಕಿತ್ತಳೆ ಕಾಣದಿದ್ದರೆ ನಾಲಿಗೆಯೂ ಅರ್ಧ ನಂಬುವುದಿಲ್ಲ. ಎರಡೂ ಹಿಟ್ಟು ಒಂದೇ ಹದದಲ್ಲಿರುವುದು ಮುಖ್ಯ. ಒಂದು ತೆಳುವಾದರೆ ಗೆರೆಗಳು ನಿಲ್ಲದೆ ಹರಿದುಹೋಗುತ್ತವೆ. ಎಂಟು ಅಂಗುಲದ ತಟ್ಟೆಗೆ ಒಂದು ಸೌಟು ಬಿಳಿ, ಅದರ ಪಕ್ಕ ಒಂದು ಸೌಟು ಕಿತ್ತಳೆ, ಮೇಲಿನ ಸಾಲಿನಲ್ಲಿ ಅದಲುಬದಲು, ಹೀಗೆ ತುಂಬಿ, ಚಾಕುವನ್ನು ತಳಮುಟ್ಟ ಇಳಿಸಿ ಹಾವು ಹರಿದಂತೆ ಎರಡೇ ಎರಡು ಬಾರಿ ಎಳೆಯಬೇಕು. ಮೂರನೆಯ ಕೇಕಿನಲ್ಲಿ ಚೆಂದ ಹೆಚ್ಚಲೆಂದು ಆರೇಳು ಸಲ ಎಳೆದು, ಕುಯ್ದು ನೋಡಿದಾಗ ಒಳಗೆಲ್ಲ ಒಂದೇ ಮಾಸಲು ಹಳದಿ. 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 45ರಿಂದ 50 ನಿಮಿಷ ಬೇಯಿಸಿದರೆ ಸಾಕು.

ಹುಳಿಯನ್ನು ಮಾತ್ರ ಹಿಟ್ಟಿಗೆ ಹಾಕಬಾರದು. ಬೇಕಿಂಗ್ ಪೌಡರಿನಲ್ಲಿರುವ ಅಡುಗೆ ಸೋಡಾ ಆ ಹುಳಿಯನ್ನು ತಿಂದುಹಾಕುತ್ತದೆ, ಹುಳಿಯೂ ಉಳಿಯದು, ಉಬ್ಬುವುದೂ ಏರುಪೇರಾಗುತ್ತದೆ. ಅದರ ಜಾಗ ಮೇಲಿನ ಲೇಪದಲ್ಲಿ: 100 ಗ್ರಾಂ ಪುಡಿ ಸಕ್ಕರೆ, ನಾಲ್ಕು ಟೀ ಚಮಚ ಕಿತ್ತಳೆ ರಸ, ಕಾಲು ಟೀ ಚಮಚ ಸಿಟ್ರಿಕ್ ಆಮ್ಲ. ಇದನ್ನು ಕೇಕ್ ಇನ್ನೂ ಬೆಚ್ಚಗಿರುವಾಗಲೇ ಸವರಿದರೆ ಮೇಲ್ಪದರಕ್ಕೆ ಇಂಗುತ್ತದೆ.

ಗುಳ್ಳೆಗೂ ಉಪಾಯವಿದೆ, ಅದೂ ಬಾಟಲಿಯಿಂದ ಬರುವಂಥದ್ದಲ್ಲ. ಮೂರು ದೊಡ್ಡ ಚಮಚ ಪುಡಿ ಸಕ್ಕರೆ, ಅರ್ಧ ಟೀ ಚಮಚ ಸಿಟ್ರಿಕ್ ಆಮ್ಲ, ಕಾಲು ಟೀ ಚಮಚ ಅಡುಗೆ ಸೋಡಾವನ್ನು ತೇವ ಸೋಕದಂತೆ ಬೆರೆಸಿಟ್ಟು, ತಿನ್ನುವ ಹೊತ್ತಿಗೆ ತಣ್ಣಗಾದ ತುಂಡಿನ ಮೇಲೆ ಸ್ವಲ್ಪವೇ ಉದುರಿಸಬೇಕು. ಒಣಗಿರುವ ತನಕ ಆಮ್ಲವೂ ಸೋಡಾವೂ ತಮ್ಮಷ್ಟಕ್ಕೆ ತಾವಿರುತ್ತವೆ. ಎಂಜಲು ತಾಗಿದೊಡನೆ ನಾಲಿಗೆಯ ಮೇಲೇ ಚುರುಚುರು ಎಂದು ಗ್ಯಾಸು ಏಳುತ್ತದೆ. ಮೊದಲೇ ಉದುರಿಸಿಟ್ಟರೆ ಕೇಕಿನ ತೇವಕ್ಕೆ ಎಲ್ಲವೂ ತಟ್ಟೆಯಲ್ಲಿಯೇ ಮುಗಿದುಹೋಗುತ್ತದೆ.

ತಮ್ಮ ಪತ್ರಿಕೆಗೆ ಬರುವ ಇಂಥ ಪಾಕವಿಧಾನಗಳಲ್ಲಿ ಲೋಟದ ಲೆಕ್ಕದ ಬದಲು ಗ್ರಾಂ ಲೆಕ್ಕವನ್ನೂ, ತಟ್ಟೆಯ ಅಳತೆಯನ್ನೂ ಕೇಳಿ ಪಡೆಯಬೇಕೆಂದೂ, ಸಾಮಗ್ರಿಗಳ ಸಾಲಿನಲ್ಲಿ ‘ಒಂದು ಬಾಟಲಿ ಕಿತ್ತಳೆ ಸೋಡಾ’ ಎಂದು ಕಂಡಾಗ ಅದು ಅಲ್ಲಿ ಮಾಡುವ ಕೆಲಸವೇನು ಎಂದು ಬರೆದವರನ್ನು ಒಮ್ಮೆ ವಿಚಾರಿಸಬೇಕೆಂದೂ ಕೋರುತ್ತೇನೆ.

ಇಂತಿ,
ತಮ್ಮ ಓದುಗರಲ್ಲೊಬ್ಬಳು