ಅಪ್ಪ ಕೊಟ್ಟ ಕಿಡ್ನಿ ಇಟ್ಟುಕೊಂಡು ಆಡಿದವನು

ಬ್ರೆಮೆನ್
ಜರ್ಮನಿ, ಭಾನುವಾರ ಮಧ್ಯಾಹ್ನ

ತೀರ್ಥರೂಪು ಅಪ್ಪನಿಗೆ ಶ್ರೀಧರ ಮಾಡುವ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ.

ನಿಮ್ಮ ಕಾಗದ ಮೊನ್ನೆ ಗುರುವಾರ ಕೈಸೇರಿತು. ವಾರಕ್ಕೆ ನಾಲ್ಕು ಸಲ ಫೋನಿನಲ್ಲಿ ಮಾತಾಡ್ತೇವೆ. ಒಂದು ಸಲವೂ ನೀವು ಸತೀಶನಿಗೆ ಕಿಡ್ನಿ ಕೊಡೋ ವಿಷಯ ಎತ್ತಲಿಲ್ಲ. ಪಕ್ಕದಲ್ಲಿ ಅಮ್ಮ ಇರ್ತಾಳೆ, ಸತೀಶ ಕೇಳಿಸಿಕೊಳ್ತಾನೆ ಅಂತ ಕಾಗದದಲ್ಲಿ ಬರೆದಿರಿ. ಅದಕ್ಕೇ ನಾನೂ ಕಾಗದದಲ್ಲೇ ಬರೀತಿದ್ದೇನೆ. ಆದರೆ ಇದನ್ನು ಪೆಟ್ಟಿಗೆಯಲ್ಲಿ ಬಚ್ಚಿಡಬೇಡಿ. ಓದಿ ಆದ ಮೇಲೆ ಸತೀಶನ ಕೈಗೇ ಕೊಡಿ. ಅರ್ಧ ಕಾಗದ ಅವನಿಗೇ ಅಂದುಕೊಳ್ಳಿ.

ನೀವು ಬರೆದದ್ದನ್ನು ಮೂರು ಸಲ ಓದಿದೆ. ಅಮ್ಮನಿಗೆ ಶುಗರ್ ಇರೋದರಿಂದ ಅವಳದ್ದು ಆಗೋದಿಲ್ಲ ಅಂದರು. ನನ್ನ ರಕ್ತ ಬಿ ಪಾಸಿಟಿವ್, ಸತೀಶನದು ಓ, ಹೊಂದೋದಿಲ್ಲ. ಉಳಿದವರು ನೀವು. ನೀವು ಒಪ್ಪಿದಿರಿ. ಅವನು ಮಾತ್ರ ಬೇಡ ಅಂತ ಹಟ ಹಿಡಿದಿದ್ದಾನೆ. 'ಅಪ್ಪನ ಹೊಟ್ಟೆ ಕೊಯ್ಸಿ ನಾನು ಬದುಕೋದು ಬೇಡ, ಡಯಾಲಿಸಿಸ್ಸಿನಲ್ಲೇ ಇರ್ತೀನಿ' ಅಂದನಂತೆ. ಗಣಪತಿ ಮಾವ ಬಂದು, ಕಿಡ್ನಿ ಕೊಟ್ಟವರು ಮತ್ತೆ ತೋಟಕ್ಕೆ ಇಳಿಯೋ ಹಾಗಿಲ್ಲ, ಹಾಕಿಸಿಕೊಂಡವರೂ ಮಲಗಿದ ಕಡೆಯೇ ಇರಬೇಕು ಅಂತ ಹೇಳಿ ಹೋದರಂತೆ. ಕೊನೆಯಲ್ಲಿ ನೀವು ಕೇಳಿದ್ದೀರಿ: 'ನೀನಿರೋ ದೇಶದಲ್ಲಿ ಇಂಥವರು ಹೇಗಿದ್ದಾರೆ, ಸ್ವಲ್ಪ ವಿಚಾರಿಸು.'

ವಿಚಾರಿಸೋಕೆ ನಾನು ದೂರ ಹೋಗಬೇಕಾಗಲಿಲ್ಲ ಅಪ್ಪ. ಇದೇ ಊರಿನಲ್ಲಿ ಆಡಿದ ಒಬ್ಬ ಫುಟ್‌ಬಾಲ್ ಆಟಗಾರನ ಕಥೆ ಸಿಕ್ಕಿತು. ಅವನನ್ನು ನೀವೂ ನೋಡಿದ್ದೀರಿ. ನಮ್ಮ ಮನೆಯಲ್ಲೇ.

2008ರ ಜೂನ್ ನೆನಪಿದೆಯಾ? ಮಳೆ ಹಿಡಿದಿತ್ತು. ನಾನೂ ಸತೀಶನೂ ಟಿವಿ ಸದ್ದು ಪೂರ್ತಿ ಕಡಿಮೆ ಮಾಡಿ, ಕಂಬಳಿ ಹೊದ್ದು ಯೂರೋ ಕಪ್ ನೋಡ್ತಾ ಕೂತಿದ್ದೆವು. ಕ್ರೊಯೇಷಿಯಾ ಮತ್ತು ಟರ್ಕಿ, ಕ್ವಾರ್ಟರ್ ಫೈನಲ್, ವಿಯೆನ್ನಾದಲ್ಲಿ. ನಮ್ಮಲ್ಲಿ ನಡುರಾತ್ರಿ ದಾಟಿದ ಮೇಲೆ ಶುರುವಾದ ಆಟ. ತೊಂಬತ್ತು ನಿಮಿಷ ಗೋಲೇ ಇಲ್ಲ. ಹೆಚ್ಚುವರಿ ಸಮಯವೂ ಮುಗೀತಾ ಬಂತು. 119ನೇ ನಿಮಿಷದಲ್ಲಿ ಕ್ರೊಯೇಷಿಯಾದ ಮೊಡ್ರಿಚ್ ಬಲಗಡೆ ಗೆರೆಯ ತನಕ ಚೆಂಡಿನ ಹಿಂದೆ ಓಡಿ ಒಳಗೆ ಎತ್ತಿ ಹಾಕಿದ. ಟರ್ಕಿಯ ಗೋಲ್‌ಕೀಪರ್ ರುಷ್ತು ಜಾಗ ಬಿಟ್ಟು ಬಂದಿದ್ದ. ಬದಲಿ ಆಟಗಾರನಾಗಿ ಬಂದಿದ್ದ ಒಬ್ಬ ತಲೆಯಲ್ಲಿ ಹೊಡೆದು ಬಲೆಗೆ ಸೇರಿಸಿದ. ಸತೀಶ ಕಿರುಚಿದ ಕಿರುಚಿಗೆ ನೀವು ಎದ್ದು ಬಂದಿರಿ. ಬೆಳಗಿನ ಜಾವ ಮೂರು ಗಂಟೆ ಹತ್ತಿರ. ಬೈಯೋಕೆ ಅಂತ ಬಂದವರು ಬಾಗಿಲಲ್ಲೇ ನಿಂತು ನೋಡಿದಿರಿ. ಅಷ್ಟರಲ್ಲಿ, 122ನೇ ನಿಮಿಷಕ್ಕೆ, ಟರ್ಕಿಯ ಸೆಮಿಹ್ ಗೋಲು ಹೊಡೆದು ಸಮ ಮಾಡಿದ. ಆಮೇಲೆ ಪೆನಾಲ್ಟಿಯಲ್ಲಿ ಕ್ರೊಯೇಷಿಯಾ 3-1ರಲ್ಲಿ ಸೋತಿತು. ಸತೀಶ ಅತ್ತುಬಿಟ್ಟ. ನೀವು ಅವನ ತಲೆ ಸವರಿ 'ಮಲಕ್ಕೋ ಹೋಗು, ಆಟ ಅಲ್ವಾ' ಅಂದಿರಿ.

ತಲೆಯಲ್ಲಿ ಆ ಗೋಲು ಹೊಡೆದವನು ಇವಾನ್ ಕ್ಲಾಸ್ನಿಚ್. ಅವತ್ತು ಅವನ ಹೊಟ್ಟೆಯಲ್ಲಿ ಇದ್ದದ್ದು ಅವನ ಅಪ್ಪನ ಕಿಡ್ನಿ.

ಇದು ನಮಗೆ ಅವತ್ತು ಗೊತ್ತೇ ಇರಲಿಲ್ಲ. ನನಗೆ ಗೊತ್ತಾಗಿದ್ದೂ ಮೊನ್ನೆ ಶುಕ್ರವಾರ. ನಮ್ಮ ಕಚೇರಿಯಲ್ಲಿ ಒಬ್ಬ ಹಿರಿಯರಿದ್ದಾರೆ, ನಿಮ್ಮದೇ ವಯಸ್ಸು. ಇಲ್ಲಿನ ಫುಟ್‌ಬಾಲ್ ತಂಡ ವೆರ್ಡರ್ ಬ್ರೆಮೆನ್ ಅಂದರೆ ಪ್ರಾಣ. ನನ್ನ ಮುಖ ನೋಡಿ ಏನಾಯಿತು ಅಂತ ಕೇಳಿದರು. ಇಲ್ಲಿನವರು ಹಾಗೆಲ್ಲ ಸುಲಭವಾಗಿ ಕೇಳೋದಿಲ್ಲ. ತಮ್ಮನಿಗೆ ಕಿಡ್ನಿ ತೊಂದರೆ ಅಂದೆ. ತಕ್ಷಣ 'ಕ್ಲಾಸ್ನಿಚ್' ಅಂದರು. ಊಟದ ಹೊತ್ತು ಪೂರ್ತಿ ಅವನ ಮಾತೇ ಆಯಿತು. ಆಮೇಲೆ ಎರಡು ರಾತ್ರಿ ಕೂತು ನಾನೇ ಹುಡುಕಿ ಓದಿದೆ.

ಸತೀಶ, ಇದು ನಿನಗೆ. ಇವನು ಹುಟ್ಟಿದ್ದು 1980ರಲ್ಲಿ, ಹ್ಯಾಂಬರ್ಗಿನಲ್ಲಿ. ಇಲ್ಲಿಂದ ರೈಲಿನಲ್ಲಿ ಒಂದು ಗಂಟೆ ದಾರಿ. ಅಪ್ಪ ಅಮ್ಮ ಕ್ರೊಯೇಷಿಯಾದವರು. ಬೆಳೆದದ್ದು ಜರ್ಮನಿಯಲ್ಲಾದರೂ ಆಡಿದ್ದು ಕ್ರೊಯೇಷಿಯಾಕ್ಕೆ. ಮೊದಲು ಹ್ಯಾಂಬರ್ಗಿನ ಸಂಕ್ಟ್ ಪೌಲಿ ತಂಡದಲ್ಲಿದ್ದ. ಅವರು 2001ರಲ್ಲಿ ಮೇಲಿನ ದರ್ಜೆಗೆ ಏರಿದರು, ಅದೇ ವರ್ಷ ಇವನು ಬ್ರೆಮೆನ್‌ಗೆ ಬಂದ. 2004ರಲ್ಲಿ ವೆರ್ಡರ್ ಲೀಗನ್ನೂ ಗೆದ್ದಿತು, ಜರ್ಮನ್ ಕಪ್ಪನ್ನೂ ಗೆದ್ದಿತು. ಮೇ 8ರಂದು ಮ್ಯೂನಿಕ್‌ನಲ್ಲಿ ಬಾಯರ್ನ್ ತಂಡವನ್ನು ಅವರ ಮನೆಯಂಗಳದಲ್ಲೇ 3-1ರಲ್ಲಿ ಸೋಲಿಸಿ ಲೀಗ್ ಕೈಗೆ ತಗೊಂಡರು. ಮೊದಲ ಗೋಲು ಕ್ಲಾಸ್ನಿಚ್‌ದು. ಬಾಯರ್ನ್ ಗೋಲ್‌ಕೀಪರ್ ಒಲಿವರ್ ಕಾನ್ ಕೈಯಿಂದ ಚೆಂಡು ಜಾರಿತು, ಇವನು ಅಲ್ಲೇ ಕಾಯ್ತಿದ್ದ. ನೀನು ಯಾವಾಗಲೂ ಹೇಳ್ತಿದ್ದೆಯಲ್ಲ, ಸ್ಟ್ರೈಕರ್ ಅಂದರೆ ಓಡೋನಲ್ಲ, ಕಾಯೋನು ಅಂತ. ಹಾಗೆ. ಕಪ್ ಫೈನಲ್‌ನಲ್ಲೂ ಒಂದು ಗೋಲು ಹೊಡೆದ. ಆ ಹಿರಿಯರು ಇದನ್ನೆಲ್ಲ ಹೇಳುವಾಗ ಚಮಚ ಕೆಳಗಿಟ್ಟುಬಿಟ್ಟಿದ್ದರು.

ಆಮೇಲೆ ಕಿಡ್ನಿ ಕೈಕೊಟ್ಟಿತು. 2007ರ ಜನವರಿಯಲ್ಲಿ ಅವನ ತಾಯಿ ಒಂದು ಕಿಡ್ನಿ ಕೊಟ್ಟರು. ಮೈ ಅದನ್ನು ಒಪ್ಪಿಕೊಳ್ಳಲಿಲ್ಲ, ತೆಗೀಬೇಕಾಯಿತು. ಇಪ್ಪತ್ತೇಳು ವಯಸ್ಸು. ಅಲ್ಲಿಗೇ ಎಲ್ಲ ಮುಗೀತು ಅಂದುಕೊಳ್ಳಬಹುದಿತ್ತು. ಮಾರ್ಚಿನಲ್ಲಿ ಅಪ್ಪ ಮಲಗಿದರು, ಅವರ ಕಿಡ್ನಿ ಕೊಟ್ಟರು. ಅದು ಹಿಡೀತು. ನವೆಂಬರಿನಲ್ಲಿ ಇವನು ಮತ್ತೆ ವೆರ್ಡರ್ ಅಂಗಿ ತೊಟ್ಟು ಮೈದಾನಕ್ಕೆ ಇಳಿದ. ಎಂಟು ತಿಂಗಳಲ್ಲಿ! ಮುಂದಿನ ಬೇಸಿಗೆಯಲ್ಲಿ ಕ್ರೊಯೇಷಿಯಾದ ಕೋಚ್ ಬಿಲಿಚ್ ಅವನನ್ನು ಯೂರೋ ಕಪ್‌ಗೆ ಕರೆದುಕೊಂಡು ಹೋದರು. ಪೋಲೆಂಡ್ ಮೇಲೆ ಗೆದ್ದ ಒಂದೇ ಗೋಲು ಇವನದು. ಟರ್ಕಿ ಮೇಲಿನದ್ದು ನಾವು ನೋಡಿದ್ದು. ಕಿಡ್ನಿ ಕಸಿ ಮಾಡಿಸಿಕೊಂಡು ಇಂಥ ದೊಡ್ಡ ಪಂದ್ಯಾವಳಿಯಲ್ಲಿ ಆಡಿದ ಮೊದಲ ಆಟಗಾರ ಇವನೇ ಅಂತೆ. ಹೊಸ ಕಿಡ್ನಿಯನ್ನು ಬೆನ್ನಲ್ಲಿ ಇಡೋದಿಲ್ಲ, ಮುಂದೆ ಕೆಳಹೊಟ್ಟೆಯಲ್ಲಿ, ಸೊಂಟದ ಮೂಳೆ ಹತ್ತಿರ ಇಡ್ತಾರೆ. ಅದಕ್ಕೆ ಏಟು ಬೀಳದ ಹಾಗೆ ಒಂದು ಕವಚ ಕಟ್ಟಿಕೊಂಡು ಆಡ್ತಿದ್ದ. ಗಣಪತಿ ಮಾವನಿಗೆ ಈ ಸಾಲು ಓದಿ ಹೇಳು. ಮಲಗಿದ ಕಡೆಯೇ ಇರಬೇಕು ಅಂದರಲ್ಲ.

ಆಮೇಲೂ ನಿಲ್ಲಲಿಲ್ಲ ಕಣೋ. ಫ್ರಾನ್ಸಿನ ನಾಂತ್, ಇಂಗ್ಲೆಂಡಿನ ಬೋಲ್ಟನ್, ಮತ್ತೆ ಜರ್ಮನಿಗೆ ಬಂದು ಮೈಂಟ್ಸ್. 2013ರ ತನಕ ಆಡಿದ. ದೇಶಕ್ಕೆ 41 ಪಂದ್ಯ, 12 ಗೋಲು.

ಒಂದು ಮಾತು ಮುಚ್ಚಿಡೋದಿಲ್ಲ. ಅಪ್ಪನ ಕಿಡ್ನಿ ಅವನಿಗೆ ಹತ್ತಿರ ಹತ್ತಿರ ಹತ್ತು ವರ್ಷ ಬಂತು. 2017ರಲ್ಲಿ ಮೂರನೇ ಸಲ ಕಸಿ ಮಾಡಿಸಿಕೊಳ್ಳಬೇಕಾಯಿತು. ಇದನ್ನು ಬಿಟ್ಟು ಬರೆದರೆ ನೀನು ಮುಂದೆ ಎಲ್ಲಾದರೂ ಓದಿ, ಅಣ್ಣ ಸುಳ್ಳು ಹೇಳಿದ ಅಂತೀಯ. ಕೊಟ್ಟ ಕಿಡ್ನಿ ಎಷ್ಟು ವರ್ಷ ಬರುತ್ತೆ ಅಂತ ಯಾರೂ ಬರೆದು ಕೊಡೋದಿಲ್ಲ. ಮಾತ್ರೆ ಒಂದು ಹೊತ್ತೂ ತಪ್ಪಿಸೋ ಹಾಗಿಲ್ಲ. ಆದರೆ ಆ ಹತ್ತು ವರ್ಷದಲ್ಲಿ ಅವನು ಏನೇನು ಮಾಡಿದ ನೋಡು. ನೀನು ಈಗ ವಾರಕ್ಕೆ ಮೂರು ದಿನ ಸಾಗರದಿಂದ ಶಿವಮೊಗ್ಗಕ್ಕೆ ಹೋಗಿ ನಾಲ್ಕು ಗಂಟೆ ಮಿಷನ್ ಪಕ್ಕ ಮಲಗ್ತೀಯ. ಬಂದ ದಿನ ಎದ್ದು ಕೂರೋಕೂ ಆಗೋದಿಲ್ಲ ಅಂತ ಅಮ್ಮ ಹೇಳ್ತಾಳೆ. ಹೀಗೇ ಇರ್ತೀನಿ ಅನ್ನೋದು ಅಪ್ಪನಿಗೆ ಮಾಡೋ ಉಪಕಾರ ಅಲ್ಲ ಕಣೋ. ಅವರು ನಿನ್ನ ಹಿಂದೆ ಬಸ್ಸಿನಲ್ಲಿ ಅಲೆದು ದಿನಾ ಸವೀತಿದ್ದಾರೆ. ಕ್ಲಾಸ್ನಿಚ್ ಕೂಡ ಅಪ್ಪನದ್ದು ಬೇಡ ಅನ್ನಬಹುದಿತ್ತು, ಅದೂ ಅಮ್ಮನದ್ದು ಹಾಳಾದ ಮೇಲೆ. ತಗೊಂಡ. ತಗೊಂಡು ಆಡಿದ. ಆ ಅಪ್ಪ ಅದನ್ನು ಕಣ್ಣಾರೆ ನೋಡಿರಬೇಕು.

ಇನ್ನೊಂದು, ನೋವಿನ ಮಾತ್ರೆ. ಮಂಡಿ ನೋವು ಅಂತ ಮೆಡಿಕಲ್ ಸ್ಟೋರಿನಿಂದ ನೀನೇ ತಂದು ನುಂಗ್ತಿದ್ದೆ. ಇನ್ನು ಅದನ್ನು ಮುಟ್ಟಬೇಡ. ಕ್ಲಾಸ್ನಿಚ್‌ನ ಕಥೆಯಲ್ಲೂ ಇದೇ ಬರುತ್ತೆ. ರಕ್ತದ ವರದಿಯಲ್ಲಿ ಮೊದಲೇ ಸೂಚನೆ ಇದ್ದರೂ ತಂಡದ ಡಾಕ್ಟರು ತನಗೆ ಹೇಳಲಿಲ್ಲ, ನೋವಿನ ಮಾತ್ರೆ ಕೊಟ್ಟರು ಅಂತ ಅವನು ವರ್ಷಗಟ್ಟಲೆ ಕೋರ್ಟು ಅಲೆದ. ಕೊನೆಗೆ 2020ರಲ್ಲಿ ರಾಜಿಯಾಗಿ ಪರಿಹಾರ ಸಿಕ್ಕಿತು. ಕಿಡ್ನಿ ಹೇಗಿದೆ ಅಂತ ತೋರಿಸೋ ನಿನ್ನ ರಕ್ತದ ಕ್ರಿಯಾಟಿನಿನ್ ಲೆಕ್ಕವನ್ನು ನೀನೇ ಒಂದು ಪುಸ್ತಕದಲ್ಲಿ ಬರೆದಿಡು.

ಅಪ್ಪ, ಈಗ ನಿಮಗೆ. ಒಂದು ಕಿಡ್ನಿಯಲ್ಲಿ ಮನುಷ್ಯ ಚೆನ್ನಾಗಿಯೇ ಬದುಕ್ತಾನೆ. ಆದರೆ ಕೊಡೋ ಮೊದಲು ನಿಮ್ಮ ಬಿಪಿ, ಶುಗರ್, ಹೃದಯ ಎಲ್ಲ ನೋಡ್ತಾರೆ. ಅದರಲ್ಲಿ ಏನಾದರೂ ಇದ್ದರೆ ಬೇಡ ಅಂತ ಅವರೇ ಹೇಳ್ತಾರೆ. ದಯವಿಟ್ಟು ಯಾವುದನ್ನೂ ಡಾಕ್ಟರಿಂದ ಮುಚ್ಚಿಡಬೇಡಿ. ಎದೆ ಹಿಡಿದ ಹಾಗೆ ಆಗುತ್ತೆ ಅಂತ ಹೋದ ವರ್ಷ ಅಂದಿದ್ದಿರಿ, ಅದನ್ನೂ ಹೇಳಿ. ಅಪ್ಪ ಮಗ ಅಂದರೆ ಅಂಗಾಂಗ ಕಸಿಯ 1994ರ ಕಾಯ್ದೆಯಲ್ಲಿ ಹತ್ತಿರದ ಸಂಬಂಧಿಗಳೇ, ಕಾಗದಪತ್ರಕ್ಕೆ ಹೆದರಬೇಡಿ. ಬೆಂಗಳೂರಿನ ನೆಫ್ರೋ ಯೂರಾಲಜಿ ಸಂಸ್ಥೆ ಸರ್ಕಾರದ್ದು, ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಇದೆ. ಅಲ್ಲಿಯೂ ಒಮ್ಮೆ ತೋರಿಸೋಣ. ತೂಕ ಎತ್ತೋದು, ಮರ ಹತ್ತೋದು ಕೆಲವು ತಿಂಗಳು ಬೇಡ. ಆಮೇಲೆ ನಿಮ್ಮ ತೋಟ ನಿಮ್ಮದೇ. ಆ ಹೊತ್ತಿಗೆ ಅಡಿಕೆ ಕೊನೆ ಕೊಯ್ಯೋಕೆ ಆಳು ಮಾಡೋಣ. ತೋಟ ಅಡ ಇಡೋ ಮಾತು ಮಾತ್ರ ಬೇಡವೇ ಬೇಡ. ನಾನು ದುಡ್ಡು ಕಳಿಸ್ತೇನೆ, ಇಲ್ಲಿ ಕೂಡಿಟ್ಟಿದ್ದೇನೆ.

ಅಮ್ಮನಿಗೆ ಹೇಳಿ, ನನ್ನದು ಉಪಯೋಗಕ್ಕೆ ಬರಲಿಲ್ಲ ಅಂತ ಅಳಬೇಡ ಅಂತ. ಕ್ಲಾಸ್ನಿಚ್‌ನ ತಾಯಿ ಕೊಟ್ಟೇ ಕೊಟ್ಟರು, ಆದರೂ ನಿಲ್ಲಲಿಲ್ಲ. ಅದರಲ್ಲಿ ಆ ತಾಯಿಯ ತಪ್ಪು ಏನಿದೆ? ಅಮ್ಮ ಮಾಡಬೇಕಾದ್ದು ಬೇರೆ ಇದೆ. ಪ್ರೀತಿಯಿಂದ ಎಳನೀರು, ಬಾಳೆಹಣ್ಣು ಕೊಡ್ತಾಳಲ್ಲ, ಡಯಾಲಿಸಿಸ್ ನಡೆಯುವಾಗ ಅದು ಬೇಡ. ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ತೊಂದರೆ. ಗಣಪತಿ ಮಾವ ತಂದುಕೊಟ್ಟ ನಾಟಿ ಔಷಧಿಯೂ ಬೇಡ. ಅವರಿಗೆ ಬೇಜಾರಾದರೆ ನನ್ನ ಹೆಸರು ಹೇಳಿ.

ಇಲ್ಲಿನ ವಿಷಯ ಏನು ಬರೆಯಲಿ. ಇವತ್ತು ಭಾನುವಾರ, ಹೆಚ್ಚಿನ ಅಂಗಡಿ ತೆರೆಯೋದಿಲ್ಲ. ಊರೇ ಗ್ರಹಣ ಹಿಡಿದ ಹಾಗೆ ಸುಮ್ನಿರುತ್ತೆ. ನೆಗಡಿ ಅಂತ ಡಾಕ್ಟರ ಹತ್ತಿರ ಹೋದರೆ ಮೊದಲು ಸೊಪ್ಪಿನ ಟೀ ಕುಡಿ, ಮಲಗು ಅಂತಾರೆ. ನಮ್ಮ ಕಷಾಯವೇ, ಅಮ್ಮ ಖುಷಿಪಡ್ತಾಳೆ. ಇಲ್ಲಿ ಎಷ್ಟೋ ಜನ ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಂಡು ಓಡಾಡ್ತಾರೆ. ನಾನು ಸತ್ತರೆ ಅಂಗಾಂಗ ತಗೊಳ್ಳಿ ಅಂತ ಬರೆದು ಸಹಿ ಹಾಕಿದ ಚೀಟಿ. ಮೊದಲ ಸಲ ನೋಡಿದಾಗ ಅಪಶಕುನ ಅನ್ನಿಸಿತ್ತು. ನಿನ್ನೆ ನಾನೂ ಒಂದು ತಂದು ಸಹಿ ಹಾಕಿದೆ. ಅಮ್ಮನಿಗೆ ಇದು ಬೇಡ, ಹೆದರ್ತಾಳೆ.

ನಿನ್ನೆ ಸಂಜೆ ವೇಸರ್ ನದಿ ದಂಡೆಯಲ್ಲಿ ನಡೆದು ವೆರ್ಡರ್ ಸ್ಟೇಡಿಯಂ ತನಕ ಹೋದೆ. ಹೊಳೆ ದಂಡೆಯಲ್ಲೇ ಕಟ್ಟಿದ್ದಾರೆ. ಆಟ ಇರಲಿಲ್ಲ, ಸಣ್ಣ ಮಳೆ ಬರ್ತಿತ್ತು. ಸುಮ್ನೆ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದೆ. ಸತೀಶನಿಗೆ ಹಸಿರು ಬಿಳಿ ಅಂಗಿ ಒಂದು ತಗೊಳ್ಳೋಣ ಅಂತಿದ್ದೇನೆ. ಅಳತೆ ಮೊದಲಿನದ್ದೇ ತಗೊಳ್ತೇನೆ. ಈಗ ದೊಗಲೆ ಆಗಬಹುದು, ಆಗಲಿ.

ನನ್ನ ಬಗ್ಗೆ ಏನೂ ಯೋಚನೆ ಬೇಡ. ಊಟ ಸರಿಯಾಗಿ ಮಾಡ್ತೇನೆ, ನಿದ್ದೆ ಚೆನ್ನಾಗಿ ಬರುತ್ತೆ, ಚಳಿಗೆ ದಪ್ಪ ಕೋಟಿದೆ, ಕೆಲಸದಲ್ಲಿ ತೊಂದರೆ ಇಲ್ಲ, ರಜೆ ಕೇಳಿದ್ದೇನೆ, ಕೊಡ್ತೇವೆ ಅಂದಿದ್ದಾರೆ. ಆಪರೇಷನ್ ದಿನ ಗೊತ್ತಾದ ತಕ್ಷಣ ಹೇಳಿ, ಅದಕ್ಕೆ ಒಂದು ವಾರ ಮೊದಲೇ ಬಂದಿರ್ತೇನೆ. ನಿಮ್ಮಿಬ್ಬರನ್ನೂ ಒಳಗೆ ಕಳಿಸಿ ಅಮ್ಮ ಒಬ್ಬಳೇ ಹೊರಗೆ ಕೂರೋದು ಬೇಡ. ಎಲ್ಲ ಸರಿ ಹೋಗುತ್ತೆ ಅಪ್ಪ, ಖಂಡಿತ ಹೋಗುತ್ತೆ.

ಸ್ಟೇಷನ್ ಹತ್ತಿರದ ಪೆಟ್ಟಿಗೆಯಿಂದ ಭಾನುವಾರವೂ ಕಾಗದ ತೆಗೀತಾರೆ. ಇನ್ನು ಅರ್ಧ ಗಂಟೆ ಇದೆ, ಹೊರಟೆ. ಸುಮಕ್ಕನಿಗೂ ಭಾವನಿಗೂ ಬೇರೆ ಬರೀತೇನೆ. ಸತೀಶ ಓದಿದ ದಿನ ನನಗೆ ಫೋನ್ ಮಾಡಲಿ, ಎಷ್ಟು ಹೊತ್ತಾದರೂ ಸರಿ.

ನಿಮ್ಮ ಮಗ
ಶ್ರೀಧರ