ಮತ ಎಣಿಸುವ ಮೊದಲು

ಸಂಡೂರು

ಚಿ. ಸೌ. ಸುಮನಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ಮೊನ್ನೆ ವಿಡಿಯೊ ಕರೆಯಲ್ಲಿ ನೀನು ತೋರಿಸಿದ ‘ಫೋರ್ಟ್ ಮೆಕ್‌ಮನಿ’ ಎಂಬ ಸಾಕ್ಷ್ಯಚಿತ್ರದಂಥ ಅಂತರಜಾಲ ಆಟ ಮನಸ್ಸಿನಿಂದ ಹೋಗಿಲ್ಲ. ಆಲ್ಬರ್ಟಾ ಪ್ರಾಂತ್ಯದ ಉತ್ತರದಲ್ಲಿ ಹಿಮ ಮುಚ್ಚಿದ, ತೈಲಗಣಿಗಳ ಫೋರ್ಟ್ ಮೆಕ್‌ಮರ್ರೆ ಪಟ್ಟಣ, ಅಲ್ಲಿನ ನಿಜವಾದ ಜನ, ಅವರನ್ನು ಏನು ಕೇಳಬೇಕೆಂದು ಆರಿಸುವ ನಾವು! 2013ರಲ್ಲಿ ದವೀದ್ ದುಫ್ರೇನ್ ಮಾಡಿದ್ದು, ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ಜೊತೆಗಿತ್ತು ಎಂದೆಯಲ್ಲ. ಎಡ್ಮಂಟನ್‌ನ ನಿನ್ನ ತರಗತಿಯ ಮಕ್ಕಳಿಗೆ ಇದರಿಂದ ಪರಿಸರ ರಾಜಕಾರಣ ಕಲಿಸುವ ಯೋಚನೆ ಒಳ್ಳೆಯದು. ಪಠ್ಯಪುಸ್ತಕದಲ್ಲಿ ಅಲ್ಲಿನ ತೈಲಮರಳು (ಗಟ್ಟಿ ತೈಲ ಬೆರೆತ ಮರಳು) ಎಂದರೆ ಬರೀ ಅಂಕಿ. ಆಟದಲ್ಲಿ ಅದರ ಸಂಬಳದಲ್ಲಿ ಮನೆ ಕಟ್ಟಿದವರು ಎದುರಿಗೆ ಕುಳಿತು ಮಾತನಾಡುತ್ತಾರೆ.

ಆದರೂ ಒಂದು ಮಾತು ಹೇಳಬೇಕು. ಆಟದಲ್ಲಿ ಆಗಾಗ ಜನಮತಗಣನೆ ಬರುತ್ತದೆ, ಮತದಂತೆ ಪರದೆಯ ಮೇಲಿನ ಊರು ಬದಲಾಗುತ್ತದೆ ಎಂದೆ. ನನಗೆ ಅಂಜಿಕೆ ಇರುವುದು ಅಲ್ಲೇ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ನಾನು ಪಿಯುಸಿ ತರಗತಿಯಲ್ಲಿ ಚರ್ಚೆ ಏರ್ಪಡಿಸಿದ್ದೆ. ಜೋಳದ ತೆನೆಯ ಮೇಲೂ ಕೆಂಪು ದೂಳು ಕೂತಿದ್ದ ಕಾಲ. ಕೊನೆಗೆ ಕೈ ಎತ್ತಿಸಿದೆ. ಹೆಚ್ಚುಕಡಿಮೆ ಎಲ್ಲರೂ ನಿಷೇಧದ ಪರ. ನನಗೆ ಹೆಮ್ಮೆಯಾಯಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಕೈ ಎತ್ತದೆ, ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತ ಕುಳಿತಿದ್ದ. ಗಂಟೆ ಹೊಡೆದ ಮೇಲೆ ಹತ್ತಿರ ಬಂದು, “ಸರ್, ಅಪ್ಪನ ಅದಿರು ಲಾರಿಯ ಕಂತು ಇನ್ನೂ 31 ತಿಂಗಳಿದೆ” ಎಂದ. ಅಷ್ಟೇ ಹೇಳಿ ಹೋದ. ನಿಷೇಧ ಸರಿಯಾಗಿತ್ತೆಂದು ಈಗಲೂ ನಂಬಿದ್ದೇನೆ. ಆದರೆ ಆ ದಿನ ನಾನು ಮಾಡಿದ್ದು ಪಾಠವಲ್ಲ, ಕೈ ಎಣಿಕೆ.

ನಿನ್ನ ತರಗತಿಯಲ್ಲೂ ಅಂಥ ಮಗು ಇರುತ್ತದೆ. ಅಪ್ಪನೋ ಅಮ್ಮನೋ ಉತ್ತರದ ಗಣಿಗೆ ಹೋಗಿ ದುಡಿಯುವವರಾಗಿರಬಹುದು. 2016ರ ಕಾಳ್ಗಿಚ್ಚಿನಲ್ಲಿ ಫೋರ್ಟ್ ಮೆಕ್‌ಮರ್ರೆ ಬಿಟ್ಟು ಓಡಿದ 80,000ಕ್ಕೂ ಹೆಚ್ಚು ಜನರಲ್ಲಿ ಅವರ ಮನೆಯವರೂ ಇದ್ದಿರಬಹುದು. ಬೆಂಕಿ ಬಂದದ್ದು ಆಟ ಬಂದ ಮೇಲೆ. ಹಾಗಾಗಿ ಪರದೆಯ ಮೇಲೆ ನಿಂತಿರುವ ಮನೆ ನೆಲದ ಮೇಲೆ ಸುಟ್ಟುಹೋಗಿರಬಹುದು. ಆಟ ತೆರೆಯುವ ಮೊದಲೇ ಮಕ್ಕಳನ್ನು ಒಬ್ಬೊಬ್ಬರಾಗಿ ವಿಚಾರಿಸು. ಎಲ್ಲರ ಮುಂದೆ ಕೇಳಬೇಡ.

ಮತ ಹಾಕಿಸುವ ದಿನ ಫಲಿತಾಂಶದ ಮೇಲೆ ಹೊತ್ತು ಕಳೆಯಬೇಡ. ಈ ಮತ ಹಾಕುವ ಹಕ್ಕು ನಮಗೆ ಕೊಟ್ಟವರು ಯಾರು ಎಂದು ಕೇಳು. ಪ್ಯಾರಿಸ್‌ನಲ್ಲಿ ಕುಳಿತವನೂ ಆಟದಲ್ಲಿ ಫೋರ್ಟ್ ಮೆಕ್‌ಮರ್ರೆಯ ಭವಿಷ್ಯ ತೀರ್ಮಾನಿಸಬಹುದು. ನಿಜದಲ್ಲಿ ಅಲ್ಲಿನ ತೈಲದ ಬಹುಪಾಲಿಗೆ ಆಲ್ಬರ್ಟಾ ಪ್ರಾಂತ್ಯವೇ ಒಡೆಯ, ರಾಜಧನ ಹೋಗುವುದು ಅದರ ಬೊಕ್ಕಸಕ್ಕೆ. ಬಿಸಿನೀರಿನಲ್ಲಿ ಮರಳು ತೊಳೆದು ಬಿಟುಮೆನ್ ಎಂಬ ಆ ಗಟ್ಟಿ ತೈಲ ತೆಗೆದ ಮೇಲೆ ಉಳಿಯುವ ಕೆಸರುನೀರು ದೊಡ್ಡ ದೊಡ್ಡ ಹೊಂಡಗಳಲ್ಲಿ ನಿಲ್ಲುತ್ತದೆ. 2008ರಲ್ಲಿ ಅಂಥ ಒಂದು ಹೊಂಡಕ್ಕಿಳಿದ ಸುಮಾರು 1,600 ಬಾತುಕೋಳಿಗಳು ಸತ್ತವು. ಅಥಾಬಾಸ್ಕಾ ನದಿಯ ಕೆಳಹರಿವಿನಲ್ಲಿ ಫೋರ್ಟ್ ಚಿಪೆವಯನ್ ಎಂಬ ಮೂಲನಿವಾಸಿಗಳ ಊರಿದೆ. ಮೀನು, ಬೇಟೆ ಅವರ ಬದುಕು. ಬೊಕ್ಕಸ ಒಂದು ಕಡೆ, ಹೊಂಡ ಇನ್ನೊಂದು ಕಡೆ, ನೀರು ಕುಡಿಯುವವರು ಮತ್ತೊಂದು ಕಡೆ. ಇವರೆಲ್ಲರ ಮತಕ್ಕೂ ಒಂದೇ ತೂಕವೇ? ಮಕ್ಕಳು ಇದರ ಮೇಲೆ ಜಗಳವಾಡಲಿ, ತಡೆಯಬೇಡ.

ಇನ್ನೊಂದು ಸಣ್ಣ ವಿಷಯ. ಆಟದಲ್ಲಿ ಪ್ರತಿಯೊಬ್ಬರೂ ತಾವು ಕೇಳದೆ ಬಿಟ್ಟ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮರುದಿನ ಪಕ್ಕದವರ ಪುಸ್ತಕದೊಂದಿಗೆ ಹೋಲಿಸಲಿ. ಯಾರನ್ನು ಮಾತನಾಡಿಸದೆ ಮುಂದೆ ಹೋದೆವು ಎಂಬುದು ಅವರಿಗೇ ಕಾಣಿಸುತ್ತದೆ.

ಮೊದಲ ತರಗತಿ ಮುಗಿದ ಮೇಲೆ ಬರೆ. ಕೈ ಎತ್ತದ ಮಗು ಏನು ಹೇಳಿತು ಎಂಬುದನ್ನು ಮರೆಯದೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ